ಭತ್ತದ ಹುಲ್ಲು ಗದ್ದೆಗೇ ಸೇರಿಸೋದಾ, ಹೊರಗೆ ಸಾಗಿಸೋದಾ? ಅಕ್ಕಿಗೆ ಭಾರಲೋಹ ಸೇರದಂತೆ ಹುಲ್ಲಿನ ನಿರ್ವಹಣೆ



ಭತ್ತದ ಕಟಾವು ಮುಗಿದ ಮೇಲೆ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಒಂದೇ: "ಹುಲ್ಲು ಏನ್ ಮಾಡ್ಲಿ?" ಹಾರ್ವೆಸ್ಟರ್ ಹೋದ ಮೇಲೆ ಮೊಣಕಾಲುದ್ದ ಕೂಳೆ ನಿಂತಿರುತ್ತೆ, ಮೇಲೆ ಹುಲ್ಲು ಚೆಲ್ಲಾಡಿರುತ್ತೆ. ಒಬ್ಬರು ರೋಟವೇಟರ್ ಹೊಡಿ ಅಂತಾರೆ, ಒಬ್ಬರು ಬೆಂಕಿ ಇಡು ಅಂತಾರೆ, ಬೇಲರ್‌ನವರು ಬಂದು ಕಟ್ಟಿಗೆ ಇಷ್ಟು ಅಂತ ರೇಟು ಹೇಳ್ತಾರೆ. ಇಷ್ಟು ದಿನ ನಾವು ಇದನ್ನ ಗೊಬ್ಬರ, ಮೇವು, ದುಡ್ಡು ಈ ಮೂರರ ಲೆಕ್ಕದಲ್ಲಿ ಮಾತ್ರ ನೋಡಿದ್ದೀವಿ. ಈ ವಾರ ನಾಲ್ಕನೇ ಲೆಕ್ಕ ಒಂದನ್ನ ಸೇರಿಸೋಣ: ಆ ಹುಲ್ಲಿನಿಂದ ಮುಂದಿನ ಬೆಳೆಯ ಅಕ್ಕಿಗೆ ಏನು ಸೇರುತ್ತೆ?

ಮೊದಲೇ ಒಂದು ಮಾತು. ಇದು ಹೆದರಿಸೋ ಲೇಖನ ಅಲ್ಲ. ನಮ್ಮ ಜಿಲ್ಲೆಯ ಬಹುಪಾಲು ಗದ್ದೆಗೆ "ಹುಲ್ಲನ್ನ ಚೆನ್ನಾಗಿ ಕಳಿಸಿ ಮಣ್ಣಿಗೆ ವಾಪಸ್ ಕೊಡಿ" ಅನ್ನೋದೇ ಸರಿಯಾದ ಸಲಹೆ. ಆದರೆ ಕೆಲವು ಗದ್ದೆಗಳ ಮಾತು ಬೇರೆ. ನಿಮ್ಮದು ಯಾವುದು ಅಂತ ಗೊತ್ತುಮಾಡಿಕೊಳ್ಳೋದು ಹೇಗೆ, ಗೊತ್ತಾದ ಮೇಲೆ ಏನು ಮಾಡೋದು, ಇದಿಷ್ಟೇ ಇವತ್ತಿನ ವಿಷಯ.

ನಮ್ಮ ಕಡೆ ಈ ಮಾತು ಯಾಕೆ?

ಚಿತ್ರದುರ್ಗ ಅಂದ್ರೆ ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ರಾಗಿ, ಅಡಿಕೆ, ದಾಳಿಂಬೆ. ಭತ್ತ ಇರೋದು ನೀರು ಇರೋ ಕಡೆ: ಹಿರಿಯೂರಿನ ವಾಣಿವಿಲಾಸ ಸಾಗರದ ಅಚ್ಚುಕಟ್ಟು, ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳ ಕೆರೆ ಕೆಳಗಿನ ಗದ್ದೆಗಳು, ಕೆಲವು ಬೋರ್‌ವೆಲ್ ಗದ್ದೆಗಳು. 1933ರ ನಂತರ ಮೊದಲ ಸಲ, 89 ವರ್ಷ ಆದ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ ಕೋಡಿ ಬಿತ್ತು. 2025ರ ಜನವರಿಯಲ್ಲಿ ಮತ್ತೆ ಬಿತ್ತು. ನೀರು ಕಂಡರೆ ಭತ್ತದ ಕಡೆ ಮನಸ್ಸು ಹೋಗೋದು ಸಹಜ.

ಇನ್ನೊಂದು ಕಡೆ, ನಮ್ಮ ನೆಲ ಗಣಿಯ ನೆಲ. ಚಿತ್ರದುರ್ಗದ ಪಕ್ಕದ ಇಂಗಳದಾಳ್‌ನಲ್ಲಿ ತಾಮ್ರದ ಗಣಿ ಇತ್ತು. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ತೆಗೆದಿದ್ದಾರೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ನಮ್ಮ ಜಿಲ್ಲೆಯ ಮತ್ತು ತುಮಕೂರಿನ ಅದಿರು ಗಣಿಗಾರಿಕೆ ನಿಲ್ಲಿಸಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಗುಡ್ಡ ಅಗೆದ ಕಡೆ ಮಳೆ ಬಿದ್ದರೆ ಮಣ್ಣು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ, ಕೆರೆಯಿಂದ ಗದ್ದೆಗೆ ಬರುತ್ತೆ.

ಇದರ ಅರ್ಥ ನಮ್ಮ ಅಕ್ಕಿಯಲ್ಲಿ ವಿಷ ಇದೆ ಅಂತ ಅಲ್ಲ. ಕೆಂಪು ನೀರು ಕಂಡ ತಕ್ಷಣ ಕ್ಯಾಡ್ಮಿಯಂ ಅಂತಲೂ ಅಲ್ಲ. ಕೆಂಪು ಬಣ್ಣ ಕಬ್ಬಿಣದ್ದು, ಕಬ್ಬಿಣದ ತುಕ್ಕು ಎಷ್ಟೋ ಸಲ ಆರ್ಸೆನಿಕ್ಕನ್ನ ಹಿಡಿದಿಟ್ಟುಕೊಳ್ಳುತ್ತೆ ಕೂಡ. ಆದರೆ ಕೇಳಬೇಕಾದ ಪ್ರಶ್ನೆ ಕೇಳದೇ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಎರಡು ಉದಾಹರಣೆ ಕೊಡ್ತೀನಿ.

ಒಂದು ನಮ್ಮ ರಾಜ್ಯದ್ದೇ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ, ಹಳೇ ಮಂಗಳೂರು ಚಿನ್ನದ ಗಣಿಯ ಸುತ್ತಮುತ್ತ, ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಹೆಚ್ಚಾಗಿ ಜನರ ಚರ್ಮದ ಮೇಲೆ ಅದರ ಗುರುತು ಕಾಣಿಸಿಕೊಂಡಿತು. ಇದು ಕರಾವಳಿಯ ಮಂಗಳೂರಲ್ಲ, ಅದೇ ಹೆಸರಿನ ಇನ್ನೊಂದು ಊರು. ಅಲ್ಲಿನ ಬಂಡೆಯ ಪಟ್ಟಿ ಮತ್ತು ನಮ್ಮ ಚಿತ್ರದುರ್ಗದ ಪಟ್ಟಿ ಒಂದೇ ಜಾತಿಯವು. ಇನ್ನೊಂದು ಜಪಾನಿನದು. ತೊಯಾಮಾ ಪ್ರಾಂತ್ಯದ ಜಿಂಜು ನದಿಯ ಮೇಲ್ಭಾಗದಲ್ಲಿ ಗಣಿ ಇತ್ತು, ಕೆಳಭಾಗದಲ್ಲಿ ಆ ನೀರಿನಿಂದಲೇ ಭತ್ತ ಬೆಳೀತಿದ್ರು. ಕ್ಯಾಡ್ಮಿಯಂ ಸೇರಿದ ಅಕ್ಕಿ ವರ್ಷಗಟ್ಟಲೆ ತಿಂದು, ಅದರಲ್ಲೂ ವಯಸ್ಸಾದ ಹೆಂಗಸರ ಮೂಳೆ ಮುರಿಯೋ ಹಾಗೆ ಸವೆದುಹೋಯ್ತು. "ಇತಾಯಿ-ಇತಾಯಿ", ಅಂದ್ರೆ "ನೋವು ನೋವು", ಅನ್ನೋದೇ ಆ ರೋಗದ ಹೆಸರು. 1968ರಲ್ಲಿ ಜಪಾನ್ ಸರ್ಕಾರ ಇದು ಮಾಲಿನ್ಯದಿಂದ ಬಂದ ರೋಗ ಅಂತ ಒಪ್ಪಿಕೊಂಡಿತು.

ಎಷ್ಟಿದ್ದರೆ ಹೆಚ್ಚು?

ಅಂತರರಾಷ್ಟ್ರೀಯ ಆಹಾರ ಗುಣಮಟ್ಟ ನಿಗದಿ ಮಾಡುವ ಕೋಡೆಕ್ಸ್ ಪ್ರಕಾರ ಪಾಲಿಶ್ ಅಕ್ಕಿಯಲ್ಲಿ ಕ್ಯಾಡ್ಮಿಯಂ ಕೆ.ಜಿ.ಗೆ 0.4 ಮಿಲಿಗ್ರಾಂ ದಾಟಬಾರದು. ಅಜೈವಿಕ ಆರ್ಸೆನಿಕ್ ಪಾಲಿಶ್ ಅಕ್ಕಿಯಲ್ಲಿ 0.2, ಪಾಲಿಶ್ ಮಾಡದ ಅಕ್ಕಿಯಲ್ಲಿ 0.35 ಮಿಲಿಗ್ರಾಂ. ಯುರೋಪ್ ಒಕ್ಕೂಟ ಅಕ್ಕಿಯ ಕ್ಯಾಡ್ಮಿಯಂ ಮಿತಿಯನ್ನ 0.15ಕ್ಕೆ ಇಳಿಸಿದೆ.

0.4 ಅನ್ನೋದು ಮಾರುಕಟ್ಟೆಯ ಮಿತಿ. ನಮ್ಮ ತಟ್ಟೆಯ ಲೆಕ್ಕ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ 2010ರಲ್ಲಿ ಹೇಳಿದ್ದು: ದೇಹದ ತೂಕದ ಪ್ರತಿ ಕೆ.ಜಿ.ಗೆ ತಿಂಗಳಿಗೆ 25 ಮೈಕ್ರೋಗ್ರಾಂ ಕ್ಯಾಡ್ಮಿಯಂ ಮೀರಬಾರದು. 60 ಕೆ.ಜಿ. ತೂಕದವರಿಗೆ ಇದು ದಿನಕ್ಕೆ 50 ಮೈಕ್ರೋಗ್ರಾಂ ಆಯ್ತು. ಅವರು ದಿನಕ್ಕೆ 300 ಗ್ರಾಂ ಅಕ್ಕಿ ಊಟ ಮಾಡಿದರೆ, ಆ ಅಕ್ಕಿಯಲ್ಲಿ 0.4 ಇದ್ದರೆ 120 ಮೈಕ್ರೋಗ್ರಾಂ ಒಳಗೆ ಹೋಗುತ್ತೆ. ಮಾರುಕಟ್ಟೆಯಲ್ಲಿ ಪಾಸಾದ ಅಕ್ಕಿಯೇ ಎರಡು ಪಟ್ಟಿಗಿಂತ ಹೆಚ್ಚು! ಅಂಗಡಿ ಅಕ್ಕಿ ಹತ್ತು ಊರಿಂದ ಬಂದು ಬೆರೆತಿರುತ್ತೆ. ಸ್ವಂತ ಗದ್ದೆಯ ಅಕ್ಕಿ ತಿನ್ನೋ ಮನೆಗೆ ಆ ರಕ್ಷಣೆ ಇಲ್ಲ, ವರ್ಷವಿಡೀ ಒಂದೇ ಗದ್ದೆಯದ್ದು. ಮಧ್ಯಾಹ್ನ ಮುದ್ದೆ ಉಣ್ಣೋರು ಸ್ವಲ್ಪ ಬಚಾವ್. ಆದರೆ ಮನೆಯ ಮಕ್ಕಳು ಈಗ ಮೂರು ಹೊತ್ತೂ ಅನ್ನ, ಇಡ್ಲಿ, ದೋಸೆ ತಿಂತಾರೆ. ಅದಕ್ಕೇ ಈ ಲೆಕ್ಕ ಮುಖ್ಯ.

ಹುಲ್ಲಿನಲ್ಲಿ ಎಷ್ಟು ಲೋಹ ಇರುತ್ತೆ?

ಭತ್ತದ ಗಿಡದಲ್ಲಿ ಲೋಹ ಹೆಚ್ಚು ಇರೋದು ಬೇರಲ್ಲಿ, ಆಮೇಲೆ ಕಾಂಡ, ಎಲೆ, ಕೊನೆಗೆ ಕಾಳು. ಅಂದ್ರೆ ಅಕ್ಕಿಗಿಂತ ಹುಲ್ಲಿನಲ್ಲಿ ಹೆಚ್ಚು, ಅದರಲ್ಲೂ ಬುಡದ ಕಡೆ ಹೆಚ್ಚು. ಹಾಗಾದ್ರೆ ಹುಲ್ಲನ್ನೆಲ್ಲ ಹೊರಗೆ ಸಾಗಿಸಿದರೆ ಗದ್ದೆ ಶುದ್ಧ ಆಗುತ್ತಾ? ಲೆಕ್ಕ ಹಾಕೋಣ.

ಎಕರೆಗೆ 20 ಕ್ವಿಂಟಲ್ ಭತ್ತ ಬಂದರೆ ಹುಲ್ಲೂ ಹೆಚ್ಚುಕಡಿಮೆ ಅಷ್ಟೇ, 2 ಟನ್. ಹುಲ್ಲಿನಲ್ಲಿ ಕೆ.ಜಿ.ಗೆ 1 ಮಿಲಿಗ್ರಾಂ ಕ್ಯಾಡ್ಮಿಯಂ ಇದೆ ಅಂತ ಲೆಕ್ಕಕ್ಕೆ ಇಟ್ಕೊಳ್ಳಿ. ಎಕರೆಯ ಹುಲ್ಲಿನಲ್ಲಿ ಒಟ್ಟು 2 ಗ್ರಾಂ. ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 9 ಲಕ್ಷ ಕೆ.ಜಿ. ಅದರಲ್ಲೂ ಕೆ.ಜಿ.ಗೆ 1 ಮಿಲಿಗ್ರಾಂ ಇದ್ದರೆ 900 ಗ್ರಾಂ ಆಯ್ತು. 2 ಗ್ರಾಂ ತೆಗೀತಾ ಹೋದ್ರೆ ಮಣ್ಣು ಖಾಲಿ ಆಗೋಕೆ 450 ಬೆಳೆ ಬೇಕು. ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ.

ಹಾಗಂತ ಹುಲ್ಲಿನ ಮಾತೇ ಬೇಡ ಅನ್ನೋ ಹಾಗಿಲ್ಲ. ಎರಡು ಕಾರಣ ಇದೆ. ಒಂದು, ಮಣ್ಣಿನ 900 ಗ್ರಾಂನಲ್ಲಿ ಹೆಚ್ಚಿನ ಪಾಲು ಮಣ್ಣಿನ ಕಣಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತೆ, ಬೇರಿಗೆ ಸಿಗಲ್ಲ. ಹುಲ್ಲಿನ 2 ಗ್ರಾಂ ಮಾತ್ರ ಕೊಳೆತ ತಕ್ಷಣ ಬೇರಿಗೆ ಸಿಗುವ ರೂಪದಲ್ಲಿ ಬರುತ್ತೆ. ಎರಡನೆಯದು ಇನ್ನೂ ಮುಖ್ಯ: ಹಸಿ ಹುಲ್ಲು ನೀರಿನ ಕೆಳಗೆ ಕೊಳೆಯುವಾಗ ಮಣ್ಣಿನ ಗುಣವನ್ನೇ ಬದಲಾಯಿಸುತ್ತೆ. ಮಣ್ಣಿನಲ್ಲಿ ಮಲಗಿದ್ದ ಲೋಹ ಆಗ ಏಳಲೂಬಹುದು, ಇನ್ನೂ ಗಟ್ಟಿಯಾಗಿ ಮಲಗಲೂಬಹುದು. ಯಾವುದು ಆಗುತ್ತೆ ಅನ್ನೋದು ಯಾವ ಲೋಹ ಅನ್ನೋದರ ಮೇಲೆ ನಿಂತಿದೆ.

ಆರ್ಸೆನಿಕ್ಕಿಗೆ ನೀರು ಬೇಕು, ಕ್ಯಾಡ್ಮಿಯಂಗೆ ಒಣಗು ಬೇಕು

ಆರ್ಸೆನಿಕ್ ಮಣ್ಣಿನಲ್ಲಿ ಕಬ್ಬಿಣದ ತುಕ್ಕಿಗೆ ಅಂಟಿಕೊಂಡಿರುತ್ತೆ. ನೀರು ನಿಲ್ಲಿಸಿದಾಗ ಮಣ್ಣಿಗೆ ಗಾಳಿ ಹೋಗಲ್ಲ. ಆಗ ಮಣ್ಣಿನ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಆ ತುಕ್ಕನ್ನೇ ಬಳಸಿಕೊಂಡು ಕರಗಿಸಿಬಿಡ್ತವೆ, ಹಿಡಿದಿದ್ದ ಆರ್ಸೆನಿಕ್ ನೀರಿಗೆ ಬಿಡುಗಡೆ ಆಗುತ್ತೆ. ಹಸಿ ಹುಲ್ಲು ಆ ಜೀವಿಗಳಿಗೆ ಒಳ್ಳೇ ಊಟ. ಊಟ ಜಾಸ್ತಿ ಆದಷ್ಟೂ ಕೆಲಸ ಜೋರು, ಆರ್ಸೆನಿಕ್ ಬಿಡುಗಡೆಯೂ ಜೋರು. ಜೊತೆಗೆ ಮೀಥೇನ್ ಅನಿಲ ಬೇರೆ.

ಕ್ಯಾಡ್ಮಿಯಂ ಇದಕ್ಕೆ ಉಲ್ಟಾ. ನೀರು ನಿಂತಾಗ ಅದು ಗಂಧಕದ ಜೊತೆ ಸೇರಿ ಕರಗದ ರೂಪಕ್ಕೆ ಹೋಗುತ್ತೆ. ಗದ್ದೆ ಒಣಗಿಸಿದಾಗ, ಅದರಲ್ಲೂ ಮಣ್ಣು ಹುಳಿಯಾಗಿದ್ದರೆ, ಕರಗಿ ಬೇರಿಗೆ ಸಿಗುತ್ತೆ. ಕಾಳು ಕಟ್ಟುವ ಹೊತ್ತಿಗೆ ನೀರು ತೆಗೆದರೆ ನೇರ ಕಾಳಿಗೆ.

ಹೀಗಾಗಿ "ಹುಲ್ಲು ಸೇರಿಸಿ" ಅಥವಾ "ಹುಲ್ಲು ತೆಗೀರಿ" ಅನ್ನೋ ಒಂದೇ ಸಾಲಿನ ಸಲಹೆ ಎಲ್ಲಾ ಗದ್ದೆಗೂ ನಡೆಯಲ್ಲ. ಮೊಬೈಲ್‌ನಲ್ಲಿ ಬೇರೆ ದೇಶದ ವಿಡಿಯೊ ನೋಡಿ ಹಾಗೇ ಮಾಡೋಕೆ ಹೋಗಬೇಡಿ ಅಂತ ನಾನು ಹೇಳೋದು ಇದಕ್ಕೇ.

ಮೊದಲು ಪರೀಕ್ಷೆ, ಆಮೇಲೆ ರೋಟವೇಟರ್

ನಿಮ್ಮ ಮನೆಯಲ್ಲಿರೋ ಮಣ್ಣು ಆರೋಗ್ಯ ಕಾರ್ಡ್ ತೆಗೆದು ನೋಡಿ. ಅದರಲ್ಲಿ 12 ಅಂಶ ಇರುತ್ತೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಕ್ಯಾಡ್ಮಿಯಂ, ಆರ್ಸೆನಿಕ್, ಸೀಸ ಇದರಲ್ಲಿ ಇಲ್ಲ. "ಕಾರ್ಡ್‌ನಲ್ಲಿ ಎಲ್ಲಾ ಸರಿ ಇದೆ" ಅಂದ್ರೆ ಭಾರಲೋಹ ಇಲ್ಲ ಅಂತಲ್ಲ, ನೋಡೇ ಇಲ್ಲ ಅಂತ. ಆದರೂ ಕಾರ್ಡ್ ಬಿಸಾಡಬೇಡಿ, ರಸಸಾರ ಮತ್ತು ಸತುವಿನ ಅಂಕಿ ಮುಂದೆ ಬೇಕಾಗುತ್ತೆ.

ಎಲ್ಲರೂ ಲೋಹದ ಪರೀಕ್ಷೆಗೆ ದುಡ್ಡು ಹಾಕೋ ಅಗತ್ಯ ಇಲ್ಲ. ಇವುಗಳಲ್ಲಿ ಒಂದಕ್ಕಾದರೂ "ಹೌದು" ಅಂತ ಉತ್ತರ ಬಂದರೆ ಮಾಡಿಸಿ:

1. ಗಣಿ, ಅದಿರು ರಾಶಿ ಅಥವಾ ಹಳೇ ಗಣಿಯ ಹುಡಿಮಣ್ಣಿನ ಗುಡ್ಡೆಯಿಂದ ಬರುವ ಹಳ್ಳದ ನೀರು ನಿಮ್ಮ ಗದ್ದೆಗೆ ಬರುತ್ತಾ?
2. ಅಂಥ ಹಳ್ಳ ಸೇರುವ ಕೆರೆಯ ಹೂಳು ಗದ್ದೆಗೆ ಹೊಡೆಸಿದ್ದೀರಾ?
3. ಊರಿನ ಚರಂಡಿ ನೀರು ಹಾಯಿಸ್ತೀರಾ? ಪಟ್ಟಣದ ಕಸದ ಗೊಬ್ಬರವನ್ನ ಪರೀಕ್ಷೆಯ ಚೀಟಿ ಇಲ್ಲದೆ ಹಾಕಿದ್ದೀರಾ? ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಇಂಥ ಗೊಬ್ಬರದಲ್ಲಿ ಕೆ.ಜಿ.ಗೆ ಕ್ಯಾಡ್ಮಿಯಂ 5, ಆರ್ಸೆನಿಕ್ 10, ಸೀಸ 100 ಮಿಲಿಗ್ರಾಂ ಮೀರಬಾರದು.
4. ಗಣಿ ಪ್ರದೇಶದ ಬೋರ್ ನೀರಿನಿಂದಲೇ ಭತ್ತ ಬೆಳೀತೀರಾ?

ಪರೀಕ್ಷೆಗೆ ಮಣ್ಣಿಗಿಂತ ಮೊದಲು ಅಕ್ಕಿ ಕೊಡಿ. ನಮಗೆ ಬೇಕಾದ ಉತ್ತರ ಇರೋದು ಅಕ್ಕಿಯಲ್ಲೇ. ನಿಮ್ಮದೇ ಗದ್ದೆಯ ಅಕ್ಕಿ ಅರ್ಧ ಕೆ.ಜಿ., ಸಾಧ್ಯವಾದರೆ ಹುಲ್ಲು ಮತ್ತು ಮಣ್ಣು ಕೂಡ. ಗೊಬ್ಬರದ ಹಳೇ ಚೀಲದಲ್ಲಿ ತುಂಬಬೇಡಿ, ಹೊಸ ಪ್ಲಾಸ್ಟಿಕ್ ಕವರ್ ತಗೊಳ್ಳಿ. ಮಣ್ಣು ತೆಗೆಯೋಕೆ ತುಕ್ಕು ಹಿಡಿದ ಸಲಿಕೆ ಬೇಡ, ಮರ ಅಥವಾ ಪ್ಲಾಸ್ಟಿಕ್ ಉಪಕರಣ ಇರಲಿ. ಕವರ್ ಮೇಲೆ ಸರ್ವೆ ನಂಬರ್, ದಿನಾಂಕ, ನೀರಿನ ಮೂಲ ಬರೆದು, ನಿಂತ ಜಾಗದಲ್ಲೇ ಮೊಬೈಲ್‌ನಲ್ಲಿ ಲೊಕೇಶನ್ ಆನ್ ಮಾಡಿ ಫೋಟೊ ತೆಗೆದಿಡಿ. ಎರಡು ವರ್ಷ ಬಿಟ್ಟು ಹೋಲಿಸೋಕೆ ಅದೇ ದಾಖಲೆ.

ಎನ್‌ಎಬಿಎಲ್ ಮಾನ್ಯತೆ ಇರುವ, ಆಹಾರದಲ್ಲಿ ಭಾರಲೋಹ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೇ ಕೊಡಿ. ಎಲ್ಲಿ, ಹೇಗೆ ಅಂತ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಖರ್ಚು ಕಡಿಮೆ ಮಾಡೋ ಒಂದು ದಾರಿ: ಒಂದೇ ತೂಬಿನ ಕೆಳಗಿರುವ ನಾಲ್ಕೈದು ಜನ ಸೇರಿ, ಹಳ್ಳಕ್ಕೆ ಅತಿ ಹತ್ತಿರದ ಗದ್ದೆಯ ಅಕ್ಕಿ ಒಂದನ್ನ ಮೊದಲು ಪರೀಕ್ಷೆ ಮಾಡಿಸಿ. ಅದು ಚೆನ್ನಾಗಿದ್ದರೆ ಉಳಿದವರೂ ನೆಮ್ಮದಿಯಾಗಿರಬಹುದು. ಆರ್ಸೆನಿಕ್ಕಿಗೆ ಮೊದಲು "ಒಟ್ಟು ಆರ್ಸೆನಿಕ್" ಸಾಕು. ಒಟ್ಟು ಅಂಕಿಯೇ 0.2ಕ್ಕಿಂತ ಕಡಿಮೆ ಇದ್ದರೆ ಅಜೈವಿಕ ಪಾಲು ಅದಕ್ಕಿಂತ ಹೆಚ್ಚಿರೋಕೆ ಸಾಧ್ಯ ಇಲ್ಲ.

ಫಲಿತಾಂಶ ಬಂದ ಮೇಲೆ ನಿಮ್ಮ ಗದ್ದೆ ಈ ಮೂರರಲ್ಲಿ ಒಂದಕ್ಕೆ ಸೇರುತ್ತೆ.

ಒಂದನೇ ಗದ್ದೆ: ಲೋಹದ ಸಮಸ್ಯೆ ಇಲ್ಲ

ಹುಲ್ಲು ನಿಮ್ಮ ಆಸ್ತಿ. ಒಂದು ಟನ್ ಭತ್ತದ ಹುಲ್ಲಿನಲ್ಲಿ 5ರಿಂದ 8 ಕೆ.ಜಿ. ಸಾರಜನಕ, 14ರಿಂದ 20 ಕೆ.ಜಿ. ಪೊಟ್ಯಾಶ್, 40ರಿಂದ 70 ಕೆ.ಜಿ. ಸಿಲಿಕಾನ್ ಇರುತ್ತೆ. ಎಕರೆಗೆ 2 ಟನ್ ಅಂದ್ರೆ ಇದರ ಎರಡರಷ್ಟು. ದನಕ್ಕೆ ಬೇಕಾದಷ್ಟು ಬಣವೆ ಒಟ್ಟಿ, ಉಳಿದದ್ದು ಮಣ್ಣಿಗೆ.

ಆದರೆ ಸಮಯ ನೋಡಿ. ಕಟಾವಾದ ಎರಡು ಮೂರು ವಾರದೊಳಗೆ, ಮಣ್ಣಲ್ಲಿ ಹದ ಇರುವಾಗಲೇ, ನೀರು ನಿಲ್ಲಿಸದೆ ಮೇಲ್ಮೇಲೆ ಉಳುಮೆ ಮಾಡಿ ಹುಲ್ಲು ಸೇರಿಸಿ. ಕೆಸರು ಹೊಡೆಯೋಕೆ ಕನಿಷ್ಠ ಒಂದು ತಿಂಗಳು ಮೊದಲು ಈ ಕೆಲಸ ಮುಗಿದಿರಲಿ. ಗಾಳಿ ಇರುವ ಮಣ್ಣಿನಲ್ಲಿ ಹುಲ್ಲು ಕಳಿತರೆ ನಾಟಿ ಹೊತ್ತಿಗೆ ಮಣ್ಣು ತಣ್ಣಗಿರುತ್ತೆ, ಸಸಿ ಹಳದಿ ಆಗಲ್ಲ.

ಎರಡನೇ ಗದ್ದೆ: ಆರ್ಸೆನಿಕ್ ಹೆಚ್ಚು

ಇಲ್ಲಿ ಒಂದೇ ಕಟ್ಟುನಿಟ್ಟು: ಹಸಿ ಹುಲ್ಲು ಹಾಕಿ ನೀರು ನಿಲ್ಲಿಸಬೇಡಿ. ಕೆಸರು ಹೊಡೆಯೋ ಹಿಂದಿನ ದಿನ ರೋಟವೇಟರ್ ಹೊಡೆಯೋದು ಇಂಥ ಗದ್ದೆಗೆ ಅತಿ ಕೆಟ್ಟ ಕ್ರಮ.

ಹಾಗಂತ ಹುಲ್ಲು ಪೂರ್ತಿ ಹೊರಗೆ ಸಾಗಿಸೋದೂ ಪರಿಹಾರ ಅಲ್ಲ. ಯಾಕೆಂದರೆ ಹುಲ್ಲಿನಲ್ಲಿರುವ ಸಿಲಿಕಾನ್ ಆರ್ಸೆನಿಕ್ಕಿನ ಎದುರಾಳಿ. ಭತ್ತದ ಬೇರಿನಲ್ಲಿ ಸಿಲಿಕಾನ್ ಒಳಗೆ ಬರೋಕೆ ಒಂದು ಬಾಗಿಲು ಇದೆ. ನೀರು ನಿಂತ ಗದ್ದೆಯ ಆರ್ಸೆನಿಕ್ ಕೂಡ ಅದೇ ಬಾಗಿಲಿನಿಂದ ನುಗ್ಗುತ್ತೆ ಅಂತ ಜಪಾನಿನ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಬಾಗಿಲಲ್ಲಿ ಸಿಲಿಕಾನ್ ತುಂಬಿದ್ದರೆ ಆರ್ಸೆನಿಕ್ಕಿಗೆ ಜಾಗ ಕಡಿಮೆ. ವರ್ಷಾವರ್ಷ ಹುಲ್ಲು ಮಾರಿ ಸಿಲಿಕಾನ್ ಖಾಲಿ ಮಾಡಿದರೆ ಬಾಗಿಲು ಆರ್ಸೆನಿಕ್ಕಿಗೆ ಬಿಟ್ಟುಕೊಟ್ಟ ಹಾಗೆ.

ಹಾಗಾದ್ರೆ ಸಿಲಿಕಾನ್ ಉಳಿಯಬೇಕು, ಹಸಿತನ ಹೋಗಬೇಕು. ಅದಕ್ಕೆ ದಾರಿ ಕಾಂಪೋಸ್ಟ್. ಹುಲ್ಲನ್ನ ಗದ್ದೆ ಬದಿಗೆ ತಂದು, ಒಂದಡಿ ಹುಲ್ಲು, ಮೇಲೆ ಸಗಣಿ ಬಗ್ಗಡ, ಮತ್ತೆ ಒಂದಡಿ ಹುಲ್ಲು ಹೀಗೆ ರಾಶಿ ಮಾಡಿ. ಹಿಡಿಯಲ್ಲಿ ಹಿಂಡಿದರೆ ಅಂಗೈ ಒದ್ದೆ ಆಗಬೇಕು, ನೀರು ಸೋರಬಾರದು. 15 ದಿನಕ್ಕೊಮ್ಮೆ ಮಗುಚಿ ಗಾಳಿ ಆಡಿಸಿ. ಮೂರು ನಾಲ್ಕು ತಿಂಗಳಲ್ಲಿ ಕಪ್ಪಗೆ, ಮಣ್ಣಿನ ವಾಸನೆ ಬಂದಾಗ ಗದ್ದೆಗೆ ಹಾಕಿ. ಕಾಂಪೋಸ್ಟ್ ಮಾಡಿದರೆ ಹುಲ್ಲಿನ ಆರ್ಸೆನಿಕ್ ಮಾಯ ಆಗಲ್ಲ, ಇದು ನೆನಪಿರಲಿ. ಆದರೆ ಮಣ್ಣಿನ ಆರ್ಸೆನಿಕ್ಕನ್ನ ಎಬ್ಬಿಸೋ ಹಸಿ ಊಟ ಮಾಯ ಆಗುತ್ತೆ. ನಮ್ಮ 2 ಗ್ರಾಂ, 900 ಗ್ರಾಂ ಲೆಕ್ಕದ ಪ್ರಕಾರ ಅದೇ ದೊಡ್ಡ ಲಾಭ.

ಇನ್ನೊಂದು ಒಳ್ಳೇ ವಸ್ತು ಅಕ್ಕಿ ಗಿರಣಿಯ ಭತ್ತದ ಹೊಟ್ಟು. ಸಿಲಿಕಾನ್ ಹೇರಳ, ಆರ್ಸೆನಿಕ್ ಹುಲ್ಲಿಗಿಂತ ಕಡಿಮೆ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಹೊಟ್ಟು ಹಾಕಿದಾಗ ಅಕ್ಕಿಯ ಅಜೈವಿಕ ಆರ್ಸೆನಿಕ್ ಇಳಿದಿದೆ. ಹೊಟ್ಟಿನ ಬೂದಿ ಸಿಕ್ಕರೆ ಬೂದು ಮಿಶ್ರಿತ ಕಪ್ಪು ಬೂದಿ ತಗೊಳ್ಳಿ. ಹೆಚ್ಚು ಶಾಖದಲ್ಲಿ ಬೆಳ್ಳಗೆ ಬೆಂದ ಬೂದಿಯ ಸಿಲಿಕಾನ್ ಬೇಗ ಕರಗಲ್ಲ. ಎಕರೆಗೆ ಎಷ್ಟು ಅನ್ನೋದನ್ನ ನಿಮ್ಮ ಮಣ್ಣಿನ ರಸಸಾರ ತೋರಿಸಿ ಬಬ್ಬೂರಿನಲ್ಲಿ ಕೇಳಿ. ಬೂದಿ ಕ್ಷಾರ, ಹಿರಿಯೂರಿನ ಎರೆ ಭೂಮಿಯಲ್ಲಿ ಮೊದಲೇ ರಸಸಾರ ಹೆಚ್ಚಿದ್ದರೆ ಬೂದಿಗಿಂತ ಹೊಟ್ಟೇ ಸರಿ.

ನೀರು: ಯಾವಾಗಲೂ ನಿಲ್ಲಿಸಬೇಡಿ. ತೂತು ಮಾಡಿದ ಒಂದಡಿ ಪಿವಿಸಿ ಪೈಪ್ ಗದ್ದೆಯಲ್ಲಿ ಹೂಳಿ. ಒಳಗಿನ ನೀರು ನೆಲದಿಂದ 15 ಸೆಂ.ಮೀ. ಕೆಳಗೆ ಇಳಿದಾಗ ಮತ್ತೆ ಕಟ್ಟಿ. ಹೂ ಬಿಡುವ ಹೊತ್ತಲ್ಲಿ ಮಾತ್ರ ಒಣಗಿಸಬೇಡಿ. ನೀರೂ ಉಳಿಯುತ್ತೆ.

ಮೂರನೇ ಗದ್ದೆ: ಕ್ಯಾಡ್ಮಿಯಂ ಹೆಚ್ಚು

ಇಲ್ಲಿ ಹುಲ್ಲು ಹೊರಗೆ ಹೋಗಲಿ. ಹೋಗುವ ಕ್ರಮ ಮಾತ್ರ ಸರಿಯಾಗಿರಲಿ. ಬುಡದಲ್ಲೇ ಲೋಹ ಹೆಚ್ಚಿರೋದರಿಂದ ಆದಷ್ಟು ಬುಡಕ್ಕೆ ಕೊಯ್ಯಿಸಿ, ಮೊಣಕಾಲುದ್ದ ಕೂಳೆ ಬಿಟ್ಟು ಮೇಲಿನ ಹುಲ್ಲು ಮಾತ್ರ ಸಾಗಿಸಿದರೆ ಅರ್ಧ ಕೆಲಸ ಉಳಿದ ಹಾಗೆ. ಒಂದು ಮಳೆ ಬೀಳುವ ಮೊದಲೇ ಕಟ್ಟು ಕಟ್ಟಿಸಿ. ಮಳೆಗೆ ನೆನೆದರೆ ಪೊಟ್ಯಾಶ್ ತೊಳೆದು ಹೋಗುತ್ತೆ, ಲೋಹದ ಒಂದು ಪಾಲು ಮತ್ತೆ ಗದ್ದೆಗೇ ಇಳಿಯುತ್ತೆ.

ಚೀನಾದ ಹುನಾನ್ ಪ್ರಾಂತ್ಯದಲ್ಲಿ "ಕ್ಯಾಡ್ಮಿಯಂ ಅಕ್ಕಿ" ದೊಡ್ಡ ಸುದ್ದಿಯಾದ ಮೇಲೆ ಅಲ್ಲಿ 2014ರಿಂದ ಮೂರು ಅಂಶದ ಕ್ರಮ ತಂದರು: ಕ್ಯಾಡ್ಮಿಯಂ ಕಡಿಮೆ ಹೀರುವ ತಳಿ, ನೀರಿನ ನಿರ್ವಹಣೆ, ರಸಸಾರದ ತಿದ್ದುಪಡಿ. ಹುಲ್ಲು ತೆಗೆಯೋದು ಇವುಗಳ ಜೊತೆಗೆ, ಇವುಗಳ ಬದಲಿಗೆ ಅಲ್ಲ. ನಮಗೂ ಅದೇ ಪಾಠ:

– ತೆನೆ ಬರುವ ಮೂರು ವಾರ ಮೊದಲಿಂದ ಮೂರು ವಾರ ನಂತರದವರೆಗೆ ಗದ್ದೆಯಲ್ಲಿ ನೀರು ಇರಲಿ. ಜಪಾನಿನಲ್ಲಿ ಇದೇ ಮುಖ್ಯ ಉಪಾಯ.
– ಹೊಳಲ್ಕೆರೆ, ಹೊಸದುರ್ಗದ ಕೆಂಪು ಮಣ್ಣಿನಲ್ಲಿ ರಸಸಾರ 6ಕ್ಕಿಂತ ಕೆಳಗಿದ್ದರೆ ಪರೀಕ್ಷೆ ಪ್ರಕಾರ ಸುಣ್ಣ ಹಾಕಿ. ಎರೆ ಭೂಮಿಗೆ ಸುಣ್ಣ ಬೇಡ.
– ಕಾರ್ಡ್‌ನಲ್ಲಿ ಸತು ಕಡಿಮೆ ಇದ್ದರೆ ಎಕರೆಗೆ 8 ಕೆ.ಜಿ. ಸತುವಿನ ಸಲ್ಫೇಟ್ ತಪ್ಪಿಸಬೇಡಿ.
– 2 ಟನ್ ಹುಲ್ಲಿನ ಜೊತೆ 28ರಿಂದ 40 ಕೆ.ಜಿ. ಪೊಟ್ಯಾಶ್ ಹೋಗಿದೆ, ವಾಪಸ್ ಕೊಡಿ. ಕೈಗೆಟುಕಿದರೆ ಮ್ಯುರೇಟ್ ಬದಲು ಸಲ್ಫೇಟ್ ಆಫ್ ಪೊಟ್ಯಾಶ್. ಮ್ಯುರೇಟ್‌ನ ಕ್ಲೋರೈಡ್ ಕ್ಯಾಡ್ಮಿಯಂ ಜೊತೆ ಸೇರಿ ಅದನ್ನ ಕರಗಿಸುತ್ತೆ.
– ಡಿಎಪಿ, ಸೂಪರ್ ಫಾಸ್ಫೇಟ್ ಶಿಫಾರಸಿಗಿಂತ ಹೆಚ್ಚು ಹಾಕಬೇಡಿ. ರಂಜಕದ ಗೊಬ್ಬರದ ಜೊತೆಯೂ ಸ್ವಲ್ಪ ಕ್ಯಾಡ್ಮಿಯಂ ಬರುತ್ತೆ.

ಎರಡೂ ಲೋಹ ಮಿತಿ ದಾಟಿದ್ದರೆ ನೀರಿನಿಂದ ಮಾತ್ರ ಗೆಲ್ಲೋಕೆ ಆಗಲ್ಲ, ಒಂದನ್ನ ಇಳಿಸಿದರೆ ಇನ್ನೊಂದು ಏರುತ್ತೆ. ಅಂಥ ಗದ್ದೆಯಲ್ಲಿ ಕೆಲವು ವರ್ಷ ಭತ್ತ ಬಿಟ್ಟು ಮೆಕ್ಕೆಜೋಳಕ್ಕೆ ಹೋಗೋದೇ ನನ್ನ ಸಲಹೆ. ಸೊಪ್ಪು ತರಕಾರಿಗೆ ಮಾತ್ರ ಹೋಗಬೇಡಿ, ಸೊಪ್ಪು ಕ್ಯಾಡ್ಮಿಯಂ ಚೆನ್ನಾಗಿ ಹೀರುತ್ತೆ.

ಹೊರಗೆ ಹೋದ ಹುಲ್ಲು ಎಲ್ಲಿಗೆ ಹೋಯ್ತು?

ಮೇವಿಗೆ ಮಾರಿದರೆ ಸಮಸ್ಯೆ ಪಕ್ಕದ ಊರಿನ ಕೊಟ್ಟಿಗೆಗೆ ಹೋಯ್ತು, ಅಷ್ಟೇ. ದನ ತಿಂದ ಕ್ಯಾಡ್ಮಿಯಂನಲ್ಲಿ ಹೆಚ್ಚಿನದು ಸಗಣಿಯಲ್ಲಿ ಹೊರಬರುತ್ತೆ, ಉಳಿದದ್ದು ಲಿವರ್ ಮತ್ತು ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಕೂರುತ್ತೆ. ಸಗಣಿ ತಿಪ್ಪೆಗೆ, ತಿಪ್ಪೆ ಗದ್ದೆಗೆ: ಮನೆ ದನಕ್ಕೇ ಹಾಕಿದರೆ ಸುತ್ತು ಹಾಕಿ ಮತ್ತೆ ನಿಮ್ಮ ಗದ್ದೆಗೇ ಬಂತು. ಅಣಬೆ ಬೇಸಾಯಕ್ಕೂ ಈ ಹುಲ್ಲು ಬೇಡ, ಅಣಬೆ ಕ್ಯಾಡ್ಮಿಯಂ ಎಳೆದುಕೊಳ್ಳುತ್ತೆ. ಹಣ್ಣಿನ ಕ್ರೇಟ್‌ಗೆ ತಳಹಾಸು, ಚಪ್ಪರ, ಇಂಧನದ ಬ್ರಿಕೆಟ್ ಇಂಥದ್ದಕ್ಕೆ ಹೋಗಲಿ. ಬ್ರಿಕೆಟ್ ಬೂದಿ ಹೊಲಕ್ಕೆ ವಾಪಸ್ ಬರಬಾರದು. ಮಾರುವಾಗ ಯಾವ ಉಪಯೋಗಕ್ಕೆ ಅಂತ ಕೇಳಿ, ವಿಷಯ ಹೇಳಿ ಮಾರಿ.

ಬೆಂಕಿ ಇಟ್ಟರೆ?

ಮೂರು ಗದ್ದೆಗೂ ಬೇಡ. ಸಾರಜನಕ ಬಹುಪಾಲು ಗಾಳಿಗೆ ಹೋಗುತ್ತೆ. ಕ್ಯಾಡ್ಮಿಯಂನ ಒಂದು ಭಾಗ ಹೊಗೆಯ ಸಣ್ಣ ಕಣದ ಜೊತೆ ನಿಮ್ಮ ಮತ್ತು ಪಕ್ಕದವರ ಶ್ವಾಸಕ್ಕೆ, ಉಳಿದದ್ದು ಬೂದಿಯಲ್ಲಿ ಒತ್ತಾಗಿ ಅದೇ ಗದ್ದೆಗೆ. ಲೋಹ ಸುಟ್ಟುಹೋಗಲ್ಲ.

ಕಣಜದಲ್ಲಿ ಈಗಾಗಲೇ ಇರುವ ಅಕ್ಕಿ

ಆರ್ಸೆನಿಕ್ ಹೆಚ್ಚು ಅಂತ ಫಲಿತಾಂಶ ಬಂದಿದ್ದರೆ ಕುಕ್ಕರ್ ಬಿಟ್ಟು ಅಜ್ಜಿ ಕಾಲದ ಹಾಗೆ ಹೆಚ್ಚು ನೀರಿಟ್ಟು ಗಂಜಿ ಬಸಿದು ಅನ್ನ ಮಾಡಿ. ಆರ್ಸೆನಿಕ್‌ನ ಒಂದು ಪಾಲು ಗಂಜಿ ಜೊತೆ ಹೋಗುತ್ತೆ. ನೀರು ಆರ್ಸೆನಿಕ್ ಇಲ್ಲದ್ದಾಗಿರಬೇಕು, ಬಸಿದ ಗಂಜಿ ಕುಡಿಯೋದು ಬೇಡ. ಕ್ಯಾಡ್ಮಿಯಂ ಹೀಗೆ ಸುಲಭಕ್ಕೆ ಹೋಗಲ್ಲ, ಹಾಗಾಗಿ ಊಟದಲ್ಲಿ ರಾಗಿ, ಜೋಳ ಹೆಚ್ಚು ಮಾಡಿ.

ಈ ವಾರದ ಕೆಲಸ

ಕಟಾವು ಮುಗಿದು ಕೆಸರು ಹೊಡೆಯೋವರೆಗೆ ಇರೋ ಕೆಲವೇ ವಾರದಲ್ಲಿ ಇದು ತೀರ್ಮಾನ ಆಗಬೇಕು. ಇವತ್ತೇ ಮೇಲಿನ ನಾಲ್ಕು ಪ್ರಶ್ನೆಗೆ ಉತ್ತರ ಬರ್ಕೊಳ್ಳಿ. ನಾಲ್ಕೂ "ಇಲ್ಲ" ಅಂದ್ರೆ ಹದ ಇರುವಾಗಲೇ ಹುಲ್ಲು ಉಳುಮೆ ಮಾಡಿ, ನಿಶ್ಚಿಂತೆಯಿಂದಿರಿ. ಒಂದಾದರೂ "ಹೌದು" ಅಂದ್ರೆ ಹುಲ್ಲನ್ನ ಒಣಗಿಸಿ ಬದುವಿನ ಮೇಲೆ ಬಣವೆ ಒಟ್ಟಿ ಮೇಲೆ ಹೊದಿಕೆ ಹಾಕಿ, ಅರ್ಧ ಕೆ.ಜಿ. ಅಕ್ಕಿ ಪರೀಕ್ಷೆಗೆ ಕಳಿಸಿ. ಬಣವೆ ಫಲಿತಾಂಶ ಬರೋವರೆಗೆ ಕಾಯುತ್ತೆ. ಒಂದು ಸಲ ಮಣ್ಣಿಗೆ ಸೇರಿಸಿದ ಹುಲ್ಲನ್ನ ಮತ್ತೆ ಹೊರಗೆ ತೆಗೆಯೋಕೆ ಯಾವ ಯಂತ್ರವೂ ಇಲ್ಲ.